‘ನಾನೇನೂ ಓದಲ್ಲ ಕಣಮ್ಮ’ ಅನ್ನೋ ಸುಳ್ಳು

ಮೊನ್ನೆ ಕುಣಿಗಲ್ಲಲ್ಲಿ ಚಿಕ್ಕಮ್ಮನ ಮನೆ ಹಜಾರದಲ್ಲಿ ಕೂತು ಅವರೆಕಾಯಿ ಸುಲೀತಿದ್ವಿ. ಎರಡು ಮಂಕರಿ ಕಾಯಿ, ಹತ್ತು ಜನ ಹೆಂಗಸರು. ಬೆರಳೆಲ್ಲ ಸೊಗಡಿನ ಜಿಡ್ಡು, ಬಾಯ್ತುಂಬ ಮಾತು. ತುಮಕೂರಲ್ಲಿ ಬಿ.ಇಡಿ. ಓದ್ತಿರೋ ನಮ್ಮ ನಾದಿನಿ ಮಗಳೂ ಬಂದಿದ್ಲು. ಅವಳಿಗೆ ಕಾಲೇಜಲ್ಲಿ ಒಂದು ಕೆಲಸ ಕೊಟ್ಟಿದ್ರಂತೆ. ಮನೇಲಿ, ಬೀದೀಲಿ ಇರೋ ಹತ್ತು ಜನ ಹೆಂಗಸರನ್ನ ಎರಡೇ ಎರಡು ಪ್ರಶ್ನೆ ಕೇಳ್ಕೊಂಡು ಬರಬೇಕು. ಈಗ ಏನು ಓದ್ತಿದೀರ? ನಿಮಗೆ ಇಷ್ಟವಾದ ಲೇಖಕರು ಯಾರು?

ಹತ್ತು ಜನ ಒಂದೇ ಕಡೆ ಸಿಕ್ಕಿದ್ರಲ್ಲ, ಅವಳಿಗೆ ಖುಷಿಯಾಗೋಯ್ತು. ಹಾಳೆ ತೊಡೆ ಮೇಲಿಟ್ಕೊಂಡು ಸುತ್ತಲೂ ಕೇಳ್ಕೊಂಡು ಬಂದ್ಲು. ಮೊದಲನೇರು ‘ಓದೋಕೆ ಪುರುಸೊತ್ತು ಎಲ್ಲೈತೆ ತಾಯಿ’ ಅಂದ್ರು. ಎರಡನೇರು ‘ಪೇಪರಲ್ಲಿ ಭವಿಷ್ಯ ನೋಡ್ತೀನಿ ಅಷ್ಟೇಯ’ ಅಂದ್ರು. ಮೂರನೇರಿಗೆ ಕಣ್ಣು ಕಾಣಲ್ಲ. ಮೇಷ್ಟ್ರಾಗಿ ರಿಟೈರಾದ ಅತ್ತಿಗೆ ‘ಭೈರಪ್ಪ’ ಅಂದ್ರು. ಅವರ ಪಕ್ಕದೋರು ‘ನಂದೂ ಅದೇ ಬರ್ಕೊ’ ಅಂದ್ರು. ಇನ್ನೊಬ್ರು ಸ್ವಲ್ಪ ಹೊತ್ತು ಯೋಚ್ನೆ ಮಾಡಿ ‘ಕುವೆಂಪು’ ಅಂದ್ರು. ನನ್ನ ಸರದಿ ಬಂತು. ನಾನು ತಲೆ ಎತ್ತದೆ, ಕಾಯಿ ಸುಲೀತಾ, ‘ನಾನೇನೂ ಓದಲ್ಲ ಕಣಮ್ಮ’ ಅಂದ್ಬಿಟ್ಟೆ.

ನನ್ನ ಬ್ಯಾಗು ಅಲ್ಲೇ ಗೋಡೆಗೆ ಒರಗಿತ್ತು. ಅದರೊಳಗೆ ತ್ರಿವೇಣಿಯೋರ ‘ಬೆಕ್ಕಿನ ಕಣ್ಣು’ ಇತ್ತು, ಅರ್ಧ ಓದಿ ಬಸ್ಸಿನ ಟಿಕೆಟ್ಟು ಗುರುತಿಗೆ ಇಟ್ಟಿದ್ದೆ.

ಅವಳ ಹಾಳೇಲಿ ಕಡೀಕೆ ಏನಾಯ್ತು ಅಂದ್ರೆ, ಏಳು ‘ಇಲ್ಲ’, ಎರಡು ‘ಭೈರಪ್ಪ’, ಒಂದು ‘ಕುವೆಂಪು’. ಇದನ್ನ ಒಯ್ದು ಕೊಡ್ತಾಳೆ. ‘ಗೃಹಿಣಿಯರಲ್ಲಿ ಓದುವ ಹವ್ಯಾಸ ಇಲ್ಲ’ ಅಂತ ಕೊನೇಲಿ ಒಂದು ಸಾಲು ಬರೀತಾರೆ. ಆ ಹುಡುಗಿ ನಾಳೆ ಟೀಚರಾಗ್ತಾಳೆ. ನಮ್ಮಮ್ಮ, ನಮ್ಮತ್ತೆ, ನಮ್ಮಜ್ಜಿ ಯಾರೂ ಏನೂ ಓದ್ತಿರಲಿಲ್ಲ ಅಂತ ನಂಬ್ಕೊಂಡೇ ಮಕ್ಕಳಿಗೆ ಪಾಠ ಹೇಳ್ತಾಳೆ. ಆ ಸಾಲು ಸುಳ್ಳು, ಅದನ್ನ ಬರೆಸಿದೋರು ನಾವೇ. ಅದಕ್ಕೇ ಇವತ್ತು ನನ್ನ ಮೇಲೂ ನಿಮ್ಮೆಲ್ಲರ ಮೇಲೂ ಸೇರಿಸಿ ಒಂದಿಷ್ಟು ಸಿಟ್ಟು ಮಾಡ್ಕೊಂಡು ಬರೀತಿದೀನಿ. ಬೇಜಾರು ಮಾಡ್ಕೋಬ್ಯಾಡಿ. ಮಾಡ್ಕೊಂಡ್ರೂ ಕಡೀತನಕ ಓದಿ.

ಪುರುಸೊತ್ತಿಲ್ಲ ಅಂದ್ರಲ್ಲ, ಅವರು ಮಧ್ಯಾನ ಎರಡರಿಂದ ಮೂರೂವರೆ ತನಕ ಬಾಗಿಲು ಹಾಕ್ಕೊಂಡು ಸಾಯಿಸುತೆ ಓದ್ತಾರೆ. ನನಗೆ ಹೆಂಗೆ ಗೊತ್ತು ಅಂದ್ರೆ, ಮುಗಿಸಿದ್ದನ್ನ ನನಗೇ ಕೊಡ್ತಾರೆ, ‘ಯಾರಿಗೂ ಹೇಳ್ಬ್ಯಾಡ’ ಅಂತ ಸೀರೆ ಕವರಲ್ಲಿ ಸುತ್ತಿ. ಕಣ್ಣು ಕಾಣಲ್ಲ ಅಂದೋರು ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನ ಬೆಳಕು ಕಮ್ಮಿ ಮಾಡ್ಕೊಂಡು ಪ್ರತಿಲಿಪೀಲಿ ಧಾರಾವಾಹಿ ಕಾದಂಬರಿ ಓದ್ತಾರೆ. ಮುಂದಿನ ಕಂತು ಬರಲಿಲ್ಲ ಅಂದ್ರೆ ಅವತ್ತು ಅವರ ಮನೆ ಸಾರಿಗೆ ಉಪ್ಪು ಹೆಚ್ಚು. ಮನೆಯೋರು ‘ಅಮ್ಮ ಮೊಬೈಲ್ ನೋಡ್ತಾಳೆ’ ಅಂತಾರೆ. ನೋಡ್ತಿಲ್ಲ ಕಣ್ರಪ್ಪ, ಓದ್ತಿದಾಳೆ. ಭೈರಪ್ಪ ಅಂದ ನಮ್ಮ ಅತ್ತಿಗೆ ಮನೆ ಬೀರುವಲ್ಲಿ ಭೈರಪ್ಪನೋರ ಪುಸ್ತಕ ಮುಂದಿನ ಸಾಲಲ್ಲಿ ಅವೆ, ಹಿಂದಿನ ಸಾಲಲ್ಲಿ ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ. ಮುಂದಿನ ಸಾಲಿನ ಮೇಲೆ ಧೂಳೈತೆ, ಹಿಂದಿನ ಸಾಲಿನ ಮೇಲಿಲ್ಲ.

ಭೈರಪ್ಪನೋರ ಮೇಲೆ ನನಗೆ ಸಾಸಿವೆ ಕಾಳಷ್ಟೂ ಸಿಟ್ಟಿಲ್ಲ. ‘ಗೃಹಭಂಗ’ದ ನಂಜಮ್ಮ ಮುತ್ತುಗದೆಲೆ ಹಚ್ಚಿ ಸಂಸಾರ ತೂಗಿಸಿದ್ದು ಓದಿ ನಾನೂ ಅತ್ತಿದೀನಿ. ಆ ಕಥೆ ನಡೆಯೋ ಸೀಮೆ ನಮ್ಮ ತಿಪಟೂರಿನ ಪಕ್ಕದ್ದೇ, ಆ ಮಾತು ನಮ್ಮದೇ. ನಿಜವಾಗ್ಲೂ ಓದಿ, ನಿಜವಾಗ್ಲೂ ಇಷ್ಟ ಆದೋರು ಅವರ ಹೆಸರನ್ನೇ ಹೇಳಲಿ, ಧಾರಾಳವಾಗಿ ಹೇಳಲಿ. ನನ್ನ ಜಗಳ ಬೇರೆ. ನೆಂಟರು ಬಂದಾಗ ಬೀರುವಿಂದ ತೆಗೆಯೋ ಪಿಂಗಾಣಿ ಕಪ್ಪಿನ ಥರ ದೊಡ್ಡೋರ ಹೆಸರನ್ನ ಮುಂದಿಟ್ಟು, ದಿನಾ ಕುಡಿಯೋ ಲೋಟಾನ ಒಳಗೆ ಬಚ್ಚಿಡ್ತೀವಲ್ಲ, ಅದರ ಮೇಲೆ.

ಯಾಕೆ ಬಚ್ಚಿಡ್ತೀವಿ ಅಂದ್ರೆ, ನಾವು ಓದೋದಕ್ಕೆ ಒಂದು ಹೆಸರು ಕಟ್ಟಿದಾರೆ: ಅಡುಗೆಮನೆ ಸಾಹಿತ್ಯ. ಈ ಮಾತು ನಮ್ಮಮ್ಮಂದಿರ ಕಾಲದಿಂದ ನಮ್ಮ ಕಿವಿಗೆ ಬೀಳ್ತಾ ಐತೆ. ಹೆಂಗಸರು ಬರೆದಿದ್ದು, ಹೆಂಗಸರು ಓದೋದು, ಸಂಸಾರದ ಗೋಳು, ಅದನ್ನೇನು ಓದ್ತೀಯ ಅನ್ನೋ ಧಾಟಿ. ಅನ್ನೋರಿಗೆ ದಿನಕ್ಕೆ ಮೂರು ಹೊತ್ತು ಆ ಅಡುಗೆಮನೆಯಿಂದ್ಲೇ ತಟ್ಟೆಗೆ ಬೀಳಬೇಕು, ಸಾಹಿತ್ಯ ಮಾತ್ರ ಅಲ್ಲಿಂದ ಬರಕೂಡದು.

ಅದೇ ಕಾಲದಲ್ಲಿ ನಮ್ಮ ದೊಡ್ಡಪ್ಪ, ಸೋದರಮಾವ ಎಲ್ಲ ಏನು ಓದ್ತಿದ್ರು? ಎನ್. ನರಸಿಂಹಯ್ಯನೋರ ಪತ್ತೇದಾರಿ ಕಾದಂಬರಿ. ಪತ್ತೇದಾರ ಪುರುಷೋತ್ತಮ ಕಳ್ಳನ್ನ ಹಿಡಿಯೋ ತನಕ ಊಟಕ್ಕೂ ಏಳ್ತಿರಲಿಲ್ಲ. ಜಗಲಿ ಮೇಲೆ ಕಾಲು ಚಾಚ್ಕೊಂಡು, ದಾರೀಲಿ ಹೋಗೋರಿಗೆಲ್ಲ ಕಾಣೋ ಹಂಗೆ ಓದ್ತಿದ್ರು. ಅದನ್ನ ಜಗಲಿ ಸಾಹಿತ್ಯ ಅಂತ ಯಾರೂ ಅನ್ನಲಿಲ್ಲ. ಅವರೂ ಬಚ್ಚಿಡಲಿಲ್ಲ, ಬಚ್ಚಿಡಬೇಕಾಗೂ ಇರಲಿಲ್ಲ. ನರಸಿಂಹಯ್ಯನೋರಿಂದ ಎಷ್ಟೋ ಜನ ಕನ್ನಡ ಓದೋಕೆ ಕಲಿತ್ರು ಅಂತ ಇವತ್ತು ಭಾಷಣದಲ್ಲಿ ಹೊಗಳ್ತಾರೆ, ಸರಿಯಾಗೇ ಹೊಗಳ್ತಾರೆ. ಅದೇ ಮಾತು ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ, ಸಾಯಿಸುತೆ ವಿಷಯದಲ್ಲಿ ಹೇಳೋಕೆ ಯಾಕೆ ಗಂಟ್ಲು ಹಿಡಿಯುತ್ತೆ?

ಇನ್ನೊಂದು ತಮಾಷೆ ಕೇಳಿ. ‘ಬೆಳ್ಳಿಮೋಡ’ 1967ರಲ್ಲಿ, ‘ಗೆಜ್ಜೆಪೂಜೆ’ 1969ರಲ್ಲಿ, ‘ಶರಪಂಜರ’ 1971ರಲ್ಲಿ ತೆರೆಗೆ ಬಂದ್ವು. ಮೂರನ್ನೂ ಮಾಡಿದೋರು ಪುಟ್ಟಣ್ಣ ಕಣಗಾಲ್. ಮೊದಲನೇದು, ಮೂರನೇದು ತ್ರಿವೇಣಿಯೋರ ಕಾದಂಬರಿ, ಮಧ್ಯದ್ದು ಎಂ.ಕೆ. ಇಂದಿರಾ ಅವರದು. ರಾಜ್‌ಕುಮಾರ್ ಅವರ ‘ಎರಡು ಕನಸು’, ‘ಹೊಸ ಬೆಳಕು’ ಎರಡೂ ವಾಣಿಯೋರ ಕಾದಂಬರಿ. ‘ಕಾಮನಬಿಲ್ಲು’ ಅಶ್ವಿನಿಯೋರದು. ‘ಅನುರಾಗ ಅರಳಿತು’ ನಮ್ಮ ಅತ್ತಿಗೆ ಹಿಂದಿನ ಸಾಲಲ್ಲಿ ಬಚ್ಚಿಟ್ಟಿರೋ ರಾಧಾದೇವಿಯೋರದು. ಅಣ್ಣಾವ್ರ ಸಿನಿಮಾ ಅಂತ ಟಾಕೀಸಿನ ಮುಂದೆ ಸಾಲು ನಿಂತ ಗಂಡಸರೆಲ್ಲ ನೋಡಿ ಕಣ್ಣೊರೆಸ್ಕೊಂಡಿದ್ದು ಇದೇ ಅಡುಗೆಮನೆ ಕಥೆಗಳನ್ನ. ಪರದೆ ಮೇಲೆ ಬಂದ್ರೆ ಕಲೆ, ಹೆಂಡತಿ ಕೈಯಲ್ಲಿದ್ರೆ ಗೋಳು!

ಈಗ ಒಂದು ಮನೆ ಮಾತು ಹೇಳ್ತೀನಿ. ಇದನ್ನ ಹೇಳೋಕೇ ಇಷ್ಟು ಪೀಠಿಕೆ ಹಾಕಿದ್ದು.

ಗುಬ್ಬೀಲಿ ನಮ್ಮ ದೊಡ್ಡಮ್ಮ ಇದ್ರು. ಓದಿದ್ದು ನಾಲ್ಕನೇ ಕ್ಲಾಸು. ಆ ಮನೇಲಿ ಒಬ್ಬ ಸೊಸೆಗೆ ಹೆರಿಗೆ ಆಯ್ತು, ಗಂಡುಮಗು, ಎಲ್ಲರಿಗೂ ಸಂತೋಷ. ಎಂಟು ಹತ್ತು ದಿನ ಆದ ಮೇಲೆ ಆಯಮ್ಮ ನಿದ್ದೆ ಮಾಡದೆ ಗೋಡೆ ನೋಡ್ಕೊಂಡು ಕೂರೋಕೆ ಶುರು ಮಾಡಿದ್ಲು. ಮಗೂನ ಎತ್ಕೊಳ್ಳಲ್ಲ, ಹಾಲು ಕೊಡಲ್ಲ, ಸುಮ್‌ಸುಮ್ನೆ ಅಳ್ತಾಳೆ, ಇದ್ದಕ್ಕಿದ್ದಂಗೆ ಏನೇನೋ ಮಾತಾಡ್ತಾಳೆ. ಗಾಳಿ ಸೋಕೈತೆ ಅಂದ್ರು. ತಾಯತ ಕಟ್ಟಿಸಿದ್ರು, ಮೆಣಸಿನಕಾಯಿ ನಿವಾಳಿಸಿದ್ರು. ಒಬ್ರು ಬೇವಿನ ಸೊಪ್ಪಲ್ಲಿ ಹೊಡೆಸೋ ಮಾತೂ ಎತ್ತಿದ್ರು. ಆಗ ದೊಡ್ಡಮ್ಮ, ಎಂದೂ ಗಂಡಸರ ಮುಂದೆ ಜೋರಾಗಿ ಮಾತಾಡದೋರು, ಬಾಗಿಲಿಗೆ ಅಡ್ಡ ನಿಂತ್ಕೊಂಡು ‘ಇದು ಗಾಳಿಯಲ್ಲ, ಬಾಣಂತಿಗೆ ಬರೋ ಮನಸ್ಸಿನ ಕಾಯಿಲೆ. ಡಾಕ್ಟ್ರಿಗೆ ತೋರಿಸಿದ್ರೆ ವಾಸಿಯಾಗುತ್ತೆ. ಬೇವಿನ ಸೊಪ್ಪು ತಂದೋರ ಕೈ ಮುರೀತೀನಿ’ ಅಂದ್ರಂತೆ. ಬೆಂಗಳೂರಿಗೆ ಕರ್ಕೊಂಡೋದ್ರು. ಆಯಮ್ಮ ಕೆಲವು ತಿಂಗಳಲ್ಲಿ ಸುಧಾರಿಸ್ಕೊಂಡು ಬಂದ್ಲು. ಬಂದ ದಿನವೇ ದೊಡ್ಡಮ್ಮ ಮನೆಯೋರನ್ನೆಲ್ಲ ಕೂರಿಸ್ಕೊಂಡು, ‘ಇನ್ಮೇಲೆ ಇವಳ ಹಿಂದೆ ಹುಚ್ಚಿ ಅಂತ ಒಬ್ರು ಪಿಸುಗುಟ್ಟಿದ್ರೂ ಈ ಮನೇಲಿ ಅವರಿಗೆ ನಾನು ಅನ್ನ ಇಕ್ಕಲ್ಲ’ ಅಂದ್ರು. ಆ ಮಗು ಈಗ ಮದುವೆಯಾಗಿ ತನ್ನ ಮಗೂನ ಎತ್ಕೊಂಡು ಓಡಾಡ್ತಾನೆ. ಅವರಮ್ಮ ಗಟ್ಟಿಮುಟ್ಟಾಗಿದಾಳೆ.

ನಾಲ್ಕನೇ ಕ್ಲಾಸಿನ ದೊಡ್ಡಮ್ಮನಿಗೆ ಇದು ಹೆಂಗೆ ಗೊತ್ತಾಯ್ತು ಅಂತ ಅವತ್ತು ಯಾರೂ ಕೇಳಲಿಲ್ಲ. ‘ಅನುಭವ’ ಅಂದ್ಕೊಂಡ್ರು. ಅನುಭವ ಅಲ್ಲ ಕಣ್ರಮ್ಮ, ‘ಶರಪಂಜರ’. ಹೆರಿಗೆ ಆದ ಮೇಲೆ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೇಲಿ ವಾಸಿಯಾಗಿ ಮನೆಗೆ ಬರ್ತಾಳೆ. ವಾಸಿಯಾದ ಮೇಲೂ ಗಂಡ, ನೆಂಟರು, ನೆರೆಹೊರೆ ಎಲ್ಲ ಅವಳನ್ನ ಹುಚ್ಚಿ ಅಂತ್ಲೇ ನೋಡ್ತಾರೆ. ಕಾಯಿಲೆಗಿಂತ ಆ ನೋಟವೇ ಅವಳನ್ನ ಮುಗಿಸುತ್ತೆ. ದೊಡ್ಡಮ್ಮ ಅವತ್ತು ಹೇಳಿದ ಎರಡೂ ಮಾತು, ಡಾಕ್ಟ್ರಿಗೆ ತೋರಿಸಿ ಅನ್ನೋದು, ಹುಚ್ಚಿ ಅನ್ನಬ್ಯಾಡಿ ಅನ್ನೋದು, ಎರಡೂ ಆ ಪುಸ್ತಕದಿಂದ ಎದ್ದು ಬಂದಿದ್ವು. ನನಗೆ ಹೆಂಗೆ ಗೊತ್ತು ಅಂದ್ರೆ, ಆ ಪುಸ್ತಕ ನಾನು ಓದಿದ್ದು ಅವರ ಟ್ರಂಕಿಂದ್ಲೇ. ಕೊಡೋವಾಗ ‘ಇದನ್ನ ಓದು, ಹೆಣ್ಣಾದೋಳು ಓದ್ಲೇಬೇಕು’ ಅಂತ ಮೆಲ್ಲಗೆ ಅಂದಿದ್ರು.

ಬರೆದೋರು ಮನಶ್ಶಾಸ್ತ್ರ ಓದಿದ ಹೆಣ್ಣುಮಗಳು. ಹುಟ್ಟಿದ್ದು 1928ರಲ್ಲಿ, ತೀರ್ಕೊಂಡಿದ್ದು 1963ರಲ್ಲಿ, ಅದೂ ಹೆರಿಗೆಯಾದ ಕೆಲವೇ ದಿನಕ್ಕೆ. ಮೂವತ್ತೈದು ತುಂಬಿರಲಿಲ್ಲ. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದಿಟ್ಟು ಹೋದ್ರು. ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೇಲಿ ಹುಟ್ಟಿದ ಬಿ.ಎಂ.ಶ್ರೀ ಅವರ ಹೆಸರು ಜಿಲ್ಲೇಲಿ ಎಲ್ಲರೂ ಹೆಮ್ಮೆಯಿಂದ ಹೇಳ್ತೀವಿ. ತ್ರಿವೇಣಿ ಅದೇ ಬಿ.ಎಂ.ಶ್ರೀ ಅವರ ಒಡಹುಟ್ಟಿದೋರ ಮಗಳು ಅನ್ನೋದು ಎಷ್ಟು ಜನಕ್ಕೆ ಗೊತ್ತು? ದೊಡ್ಡಪ್ಪನ ಹೆಸರು ಹೇಳೋಕೆ ಹೆಮ್ಮೆ, ಮಗಳ ಹೆಸರು ಹೇಳೋಕೆ ನಾಚ್ಕೆ.

ದೊಡ್ಡಮ್ಮನ ಟ್ರಂಕು ಅಂದ್ನಲ್ಲ. ಅಟ್ಟದ ಮೇಲೆ ಹಳೇ ಸೀರೆ ಅಡಿ ಇತ್ತು. ‘ಸುಧಾ’ ವಾರಪತ್ರಿಕೆ 1965ರಲ್ಲಿ ಶುರುವಾಯ್ತಲ್ಲ, ಅದರಲ್ಲಿ, ಪ್ರಜಾಮತದಲ್ಲಿ, ಆಮೇಲೆ ತರಂಗದಲ್ಲಿ ಬಂದ ಧಾರಾವಾಹಿಗಳನ್ನ ವಾರವಾರ ಹಾಳೆ ಬಿಚ್ಚಿ, ಜೋಡಿಸಿ, ದಬ್ಬಳದಲ್ಲಿ ಹೊಲಿದು, ಹಳೇ ಕ್ಯಾಲೆಂಡರ್ ಹಾಳೆ ರಟ್ಟು ಹಾಕಿ ಇಟ್ಟಿದ್ರು. ಕಡೇ ಹಾಳೇಲಿ ಪೆನ್ಸಿಲಲ್ಲಿ ಯಾರ್‍ಯಾರು ಓದೋಕೆ ಒಯ್ದಿದ್ರು ಅಂತ ಗುರುತು. ಆ ಬೀದಿ ಹೆಂಗಸರೆಲ್ಲ ಅದರಲ್ಲಿದ್ರು. ಒಂದು ಲೈಬ್ರರಿ ಅದು, ಗಂಡಸರಿಗೆ ಗೊತ್ತಿಲ್ಲದ್ದು.

ದೊಡ್ಡಮ್ಮ ತೀರ್ಕೊಂಡ್ರು. ತಿಥಿ ದಿನ ಅವರಿಗೆ ಇಷ್ಟ ಅಂತ ಕರಿಗಡುಬು ಮಾಡಿದ್ರು. ಇಷ್ಟ ಅಂತ ಹಿತಕಿದ ಬೇಳೆ ಸಾರು, ಇಷ್ಟ ಅಂತ ಮಲ್ಲಿಗೆ ಹೂವು, ಕಡೀಕೆ ಇಷ್ಟ ಅಂತ ನಶ್ಯದ ಡಬ್ಬೀನೂ ಎಡೆ ಮುಂದೆ ಇಟ್ರು. ಯಾವ ಸಾರಿಗೆ ಎಷ್ಟು ಹುಳಿ ಇಷ್ಟ ಅಂತ ಎಲ್ಲರಿಗೂ ಗೊತ್ತಿತ್ತು. ಇಷ್ಟದ ಲೇಖಕಿ ಯಾರು ಅಂತ ಒಬ್ರಿಗೂ ಗೊತ್ತಿರಲಿಲ್ಲ. ಮಾರನೇ ದಿನ ಅಟ್ಟ ತೆರವು ಮಾಡಿದ್ರು. ಟ್ರಂಕು ಇಳಿಸಿ, ಸೀರೆ ತೆಗೆದು, ‘ಎಂಥದೋ ಹಳೇ ಪೇಪರ್ ಕಂತೆ’ ಅಂತ ಗುಜರಿಯೋನ ತಕ್ಕಡಿಗೆ ಹಾಕಿದ್ರು. ಕೆಜಿ ಲೆಕ್ಕದಲ್ಲಿ ಹೋಯ್ತು.

ನಾನು ಅಲ್ಲೇ ಇದ್ದೆ ಕಣ್ರೀ. ಕಾಫಿ ಲೋಟ ತೊಳೀತಾ ನಿಂತಿದ್ದೆ. ‘ಅಯ್ಯೋ ಅದು ಕೊಡಬ್ಯಾಡಿ, ನನಗಿರಲಿ’ ಅನ್ನೋಕೆ ಬಾಯಿಗೆ ಬಂದಿತ್ತು. ಅಂದಿದ್ರೆ, ‘ನೀನೂ ಇಂಥವನ್ನ ಓದ್ತೀಯ?’ ಅಂತ ಹತ್ತು ಜನ ನೆಂಟರ ಮುಂದೆ ಯಾರಾದ್ರೂ ನಗ್ತಿದ್ರು. ಆ ಒಂದು ನಗುವಿಗೆ ಹೆದರಿ ಸುಮ್ನಾದೆ. ಒಬ್ಬ ಬಾಣಂತಿ ಮಾನ ಪ್ರಾಣ ಉಳಿಸಿದ ಪುಸ್ತಕ ನನ್ನ ಕಣ್ಣೆದುರೇ ಸೈಕಲ್ ಮೇಲೆ ಹೋಯ್ತು. ಅದಕ್ಕೇ ಹೇಳಿದ್ದು, ನಿಮ್ಮ ಮೇಲಷ್ಟೇ ಅಲ್ಲ ಸಿಟ್ಟು ಅಂತ.

ನಮ್ಮಮ್ಮಂದಿರಿಗೆ ಈ ಪುಸ್ತಕಗಳು ಏನು ಕಲಿಸಿದ್ವು ಅಂತ ಲೆಕ್ಕ ಹಾಕಿ. ಎಂ.ಕೆ. ಇಂದಿರಾ ಇಸ್ಕೂಲು ಓದಿದ್ದು ಕಮ್ಮಿ, ಮೊದಲ ಕಾದಂಬರಿ ‘ತುಂಗಭದ್ರಾ’ ಬಂದಾಗ ಅವರಿಗೆ ನಲವತ್ತಾರು. ಮನೆ ಕೆಲಸ, ಮಕ್ಕಳು ಎಲ್ಲ ನೋಡ್ಕೊಂಡ ಮೇಲೆ ಬರೆಯೋಕೆ ಕೂತೋರು. 1976ರ ‘ಫಣಿಯಮ್ಮ’ದಲ್ಲಿ ತಮ್ಮ ಮನೆತನದ ಒಬ್ಬ ಬಾಲವಿಧವೆ ಕಥೆ ಬರೆದ್ರು. ಪ್ರೇಮಾ ಕಾರಂತರು ಅದನ್ನ 1983ರಲ್ಲಿ ಸಿನಿಮಾ ಮಾಡಿದ್ರು. ತಲೆ ಬೋಳಿಸಿ ಮೂಲೇಲಿ ಕೂರಿಸಿದ ಹೆಣ್ಣಿನ ಒಳಗೆ ಏನು ನಡೀತಿತ್ತು ಅಂತ ಗೊತ್ತಾಗಬೇಕಾದ್ರೆ ಅದನ್ನ ಓದಬೇಕು. ಅನುಪಮಾ ನಿರಂಜನ ಡಾಕ್ಟ್ರು. ಬಸುರಿ ಬಾಣಂತಿಯರಿಗೆ ‘ತಾಯಿ ಮಗು’, ಮದುವೆಯಾದೋರಿಗೆ ‘ದಾಂಪತ್ಯ ದೀಪಿಕೆ’ ಬರೆದುಕೊಟ್ರು. ಅಮ್ಮ ಬಾಯಿಬಿಟ್ಟು ಹೇಳೋಕೆ ನಾಚೋದನ್ನ ಆ ಪುಸ್ತಕ ಹೇಳ್ತಿತ್ತು. ಎಷ್ಟು ಮನೆಗಳಲ್ಲಿ ಮದುವೆ ಪೆಟ್ಟಿಗೆ ತಳದಲ್ಲಿ ಅದನ್ನ ಇಟ್ಟು ಕಳಿಸಿಲ್ಲ? ಅದಕ್ಕೂ ಎಷ್ಟೋ ಮುಂಚೆ, 1913ರಲ್ಲೇ, ನಂಜನಗೂಡು ತಿರುಮಲಾಂಬ ಅನ್ನೋ ಬಾಲವಿಧವೆ ‘ಸತೀಹಿತೈಷಿಣೀ’ ಅಂತ ಗ್ರಂಥಮಾಲೆ ಶುರು ಮಾಡಿ, ತಾವೇ ಬರೆದು ತಾವೇ ಅಚ್ಚು ಹಾಕಿಸಿ ಹೆಂಗಸರಿಗೆ ಮುಟ್ಟಿಸಿದ್ರು. ನಮ್ಮ ತುಮಕೂರಲ್ಲೇ ಹುಟ್ಟಿದ ಟಿ. ಸುನಂದಮ್ಮ ‘ಕೊರವಂಜಿ’ ಪತ್ರಿಕೇಲಿ ಮನೆ, ಗಂಡ, ನೆಂಟರು ಇವನ್ನೇ ಇಟ್ಕೊಂಡು ನಾಡೆಲ್ಲ ನಗಿಸಿದ್ರು. ಕರ್ನಾಟಕ ಲೇಖಕಿಯರ ಸಂಘ 1979ರಲ್ಲಿ ಹುಟ್ಟಿದಾಗ ಮೊದಲ ಅಧ್ಯಕ್ಷೆ ಅವರೇ. ತುಮಕೂರಲ್ಲಿ ಹತ್ತು ಮನೆ ಬಾಗಿಲು ತಟ್ಟಿ ಅವರ ಹೆಸರು ಕೇಳಿ ನೋಡಿ, ಎಷ್ಟು ಜನ ಹೇಳ್ತಾರೆ ಅಂತ.

ಇಲ್ಲಿ ನೀವೊಂದು ಮಾತು ಎತ್ತಬಹುದು, ಎತ್ತಲೇಬೇಕು. ‘ಎಲ್ಲಾ ತ್ರಿವೇಣಿ ಥರ ಇರ್ತಾವಾ? ಎಷ್ಟೋ ಕಾದಂಬರೀಲಿ ಎತ್ತರದ ಶ್ರೀಮಂತ ಗಂಡು, ಕಾರು, ಎಸ್ಟೇಟು, ಎಷ್ಟು ಬೈದ್ರೂ ಕಣ್ಣೀರು ಹಾಕ್ಕೊಂಡು ಕ್ಷಮಿಸೋ ಹೆಣ್ಣು. ಅದನ್ನೂ ಹೊಗಳಬೇಕಾ?’ ಬ್ಯಾಡ. ಅಂಥವು ಬೇಕಾದಷ್ಟು ಅವೆ, ನಾನೂ ಓದಿದೀನಿ. ಕೆನ್ನೆಗೆ ಹೊಡೆದ ಗಂಡನ್ನ ಕಡೇ ಪುಟದಲ್ಲಿ ದೇವರು ಮಾಡೋ ಕಥೆ ಓದಿ ಪುಸ್ತಕ ಎಸೀಬೇಕು ಅನ್ಸೈತೆ. ಈಗ ಮೊಬೈಲಲ್ಲಿ ಬರೋ ಕಂತುಗಳಲ್ಲೂ ಅದೇ ಗಂಡು ಅದೇ ಕಾರಲ್ಲಿ ಬರ್ತಾನೆ. ಆದ್ರೆ ಇದು ಚೆನ್ನಾಗಿಲ್ಲ ಅಂತ ಜಗಳ ಆಡಬೇಕಾದ್ರೆ, ಓದಿದೀನಿ ಅಂತ ಮೊದಲು ಒಪ್ಕೋಬೇಕಲ್ಲ. ಬಚ್ಚಿಟ್ಟು ಓದೋಳು ಬಚ್ಚಿಟ್ಟೇ ನಂಬ್ತಾಳೆ. ಹದಿನೆಂಟರ ಹುಡುಗಿ ಒಬ್ಬಳೇ ದುಪ್ಪಟಿಯೊಳಗೆ ಅದನ್ನ ಓದಿ, ಗಂಡು ಅಂದ್ರೆ ಹಿಂಗೇ ಇರ್ತಾನೆ, ತಾಳ್ಕೋಬೇಕು ಅಂದ್ಕೊಂಡ್ರೆ ತಪ್ಪು ಯಾರದು? ಅವರೆಕಾಯಿ ಸುಲಿಯೋ ಹೊತ್ತಲ್ಲಿ ನಾಲ್ಕು ಜನ ಅದೇ ಕಥೆ ಎತ್ಕೊಂಡು ‘ಅವನ್ಯಾವ ಸೀಮೆ ಗಂಡನೇ, ನಾನಾಗಿದ್ರೆ ತವರಿಗೆ ಹೋಗಿ ಇದ್ದುಬಿಡ್ತಿದ್ದೆ’ ಅಂತ ಅಂದಿದ್ರೆ ಆ ಹುಡುಗಿಗೂ ಒಂದು ದಾರಿ ಕಾಣ್ತಿತ್ತು. ಒಳ್ಳೇದನ್ನ ಹೊಗಳೋಕೂ ಕೆಟ್ಟದ್ದನ್ನ ಬೈಯೋಕೂ ಮೊದಲು ಹೆಸರು ಬಾಯಿಗೆ ಬರಬೇಕು.

ಗುಬ್ಬಿಯೋರನ್ನ ಕೇಳಿ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪ್ನಿ ಬಗ್ಗೆ, ವೀರಣ್ಣನೋರ ಬಗ್ಗೆ ಎದೆ ಉಬ್ಬಿಸಿ ಹೇಳ್ತಾರೆ. ನಮ್ಮಜ್ಜಿ ಗಾಡಿ ಕಟ್ಟಿಸ್ಕೊಂಡು ನಾಟ್ಕಕ್ಕೆ ಹೋಗ್ತಿದ್ಲು ಅಂತ ಹೇಳ್ಕೊಳ್ಳೋದೂ ಒಂದು ಜಂಬವೇ. ಒಂದು ಕಾಲದಲ್ಲಿ ಮರ್ಯಾದಸ್ತ ಹೆಂಗಸರು ನಾಟ್ಕಕ್ಕೆ ಹೋಗೋದೇ ತಪ್ಪು ಅಂತಿದ್ರು. ಕುಣಿಗಲ್ಲೋರು ಕುಣಿಗಲ್ ಕೆರೆ ಹಾಡನ್ನ ಎಲ್ಲಿ ಬೇಕಾದ್ರೂ ಗಂಟ್ಲು ಬಿಚ್ಚಿ ಹಾಡ್ತಾರೆ. ನಾಟ್ಕ ನೋಡಿದ್ದು ಹೇಳ್ಕೊಂಡ್ವಿ, ಹಾಡು ಹೇಳ್ಕೊಂಡ್ವಿ, ಅವು ಉಳಿದ್ವು, ಊರಿಗೆ ಹೆಸರು ತಂದ್ವು. ಓದಿದ್ದು ಮಾತ್ರ ಹೇಳ್ಕೊಳ್ಳಲಿಲ್ಲ, ಅದು ತಕ್ಕಡಿಗೆ ಹೋಯ್ತು.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ ‘ಹಾರ್ಟ್ ಲ್ಯಾಂಪ್’ಗೆ, ಹನ್ನೆರಡು ಕಥೆಗಳ ಪುಸ್ತಕಕ್ಕೆ. ಅವತ್ತು ನನ್ನ ಫೋನಿಗೆ ಎಷ್ಟು ಜನ ಅವರ ಫೋಟೋ ಕಳಿಸಿದ್ರಿ! ಸಂತೋಷ. ಆದ್ರೆ ಆ ಕಥೆಗಳು 1990ರಿಂದಾಚೆಗೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬರೆದಿದ್ದು. ಹಾಸನ ನಮ್ಮ ಪಕ್ಕದ ಜಿಲ್ಲೆ. ಅವರು ಬರೆದಿರೋದೂ ಮನೆಯೊಳಗಿನ ಹೆಂಗಸರ ಮಾತೇ: ಹೆರಿಗೆ, ಗಂಡ, ತವರು, ಬಿಟ್ಟುಹೋದೋರು, ಬಿಡೋಕಾಗದೋರು. ಲಂಡನ್ನಿಂದ ಪ್ರಶಸ್ತಿ ಬರೋಕೆ ಮುಂಚೆ ನಮ್ಮಲ್ಲಿ ಎಷ್ಟು ಜನ ಅವರನ್ನ ಓದಿದ್ವಿ? ಓದಿದೋರು ಎಷ್ಟು ಜನ ಬಾಯಿಬಿಟ್ಟು ಹೇಳಿದ್ವಿ? ಯಾವಳಾದ್ರೂ ಪಕ್ಕದ ಮನೆಯೋಳು ಓದಿ ‘ಚೆನ್ನಾಗೈತೆ ಕಣೇ, ನೀನೂ ಓದು’ ಅನ್ನೋದು ಒಂದು ಪ್ರಶಸ್ತಿಯೇ. ಅದನ್ನ ಕೊಡೋಕೆ ಲಂಡನ್ ಬೇಕಾಗಿಲ್ಲ.

ಇನ್ನು ದುಡ್ಡಿನ ಮಾತು, ಯಾಕಂದ್ರೆ ನಾವು ದುಡ್ಡಿಗೆ ಬೇಗ ಎಚ್ಚರ ಆಗ್ತೀವಿ. ತುಮಕೂರಲ್ಲಿ ಸ್ವಂತ ಮನೆ ಇರೋರು ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರದ ಜೊತೆಗೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು. ಈಗ ಕಂದಾಯದ ಮೇಲೆ ನೂರಕ್ಕೆ ಆರು. ಮೂರು ಸಾವಿರ ಕಂದಾಯ ಕಟ್ಟೋ ಮನೆಯಿಂದ ವರ್ಷಕ್ಕೆ ನೂರ ಎಂಬತ್ತು ರೂಪಾಯಿ ಲೈಬ್ರರಿಗೆ ಹೋಗುತ್ತೆ. ಹಾಲಿನೋನು ಕಾಲು ಲೀಟರ್ ಕಮ್ಮಿ ಕೊಟ್ರೆ ಬೀದಿಗೆ ಬಂದು ಜಗಳ ಆಡ್ತೀವಿ. ಇಲ್ಲಿ ವರ್ಷಾ ವರ್ಷಾ ದುಡ್ಡು ಕಟ್ಟಿ ಒಂದು ಪುಸ್ತಕ ತಂದಿಲ್ಲ. ಹಳ್ಳಿ ಕಡೆಯೋರಿಗೆ ಪಂಚಾಯ್ತಿ ಲೈಬ್ರರಿ ಐತೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ‘ಅರಿವು ಕೇಂದ್ರ’ ಅಂತ ಬೋರ್ಡು ಹಾಕಿದಾರೆ. ಎಷ್ಟೋ ಕಡೆ ಬಾಗಿಲಲ್ಲಿ ಗಂಡಸರೇ ಪೇಪರ್ ಹಿಡ್ಕೊಂಡು ಕೂತಿರ್ತಾರೆ, ಒಳಗೆ ಹೋಗೋಕೆ ಸಂಕೋಚ ಆಗುತ್ತೆ, ಅದು ನಿಜ. ಒಬ್ಬಳೇ ಹೋಗಬ್ಯಾಡಿ, ಮೂರು ಜನ ಹೋಗಿ. ‘ತ್ರಿವೇಣಿ ಎಲ್ಲಿಟ್ಟಿದೀರಿ, ವೈದೇಹಿ ಎಲ್ಲಿಟ್ಟಿದೀರಿ’ ಅಂತ ಹೆಸರು ಹಿಡಿದು ಕೇಳಿ. ಕೇಳೋರಿಲ್ಲ ಅಂದ್ರೆ ಆ ಪುಸ್ತಕ ಬೀರು ಬಿಟ್ಟು ಆಚೆ ಬರಲ್ಲ, ಹೊಸದು ಒಳಗೂ ಬರಲ್ಲ.

ಸರಿ, ನಂದನ್ನ ನಾನೇ ಮೊದಲು ಹೇಳಿಬಿಡ್ತೀನಿ. ಈಗ ಓದ್ತಿರೋದು ‘ಬೆಕ್ಕಿನ ಕಣ್ಣು’, ಮೂರನೇ ಸಲ. ಅದು ಮುಗಿದ ಮೇಲೆ ಬಾನು ಮುಷ್ತಾಕ್ ಅವರ ಕಥೆ ಓದಬೇಕು ಅಂತ ತಂದಿಟ್ಟಿದೀನಿ. ಇಷ್ಟದೋರು ತ್ರಿವೇಣಿ, ಎಂ.ಕೆ. ಇಂದಿರಾ, ವೈದೇಹಿ. ಗಂಡಸರಲ್ಲಿ ತೇಜಸ್ವಿ. ‘ಕರ್ವಾಲೋ’ ಓದಿ ಮಕ್ಕಳಿಗಿಂತ ಹೆಚ್ಚು ನಗಾಡಿದೀನಿ. ಬೇಜಾರಾದಾಗ ಸಾಯಿಸುತೆ ಓದ್ತೀನಿ, ಓದಿ ಕೆಲವು ಸಲ ಬೈಕೋತೀನಿ, ಮತ್ತೆ ಓದ್ತೀನಿ. ನಗೋರು ನಗ್ಲಿ.

ನಾದಿನಿ ಮಗಳಿಗೆ ಫೋನ್ ಮಾಡಿ ‘ಆ ಹಾಳೆ ಇನ್ನೂ ಕೊಟ್ಟಿಲ್ಲ ತಾನೇ?’ ಅಂತ ಕೇಳ್ದೆ. ಸೋಮವಾರ ಕೊಡಬೇಕಂತೆ. ‘ನಂದು ತಪ್ಪು ಬರೆದಿದೀಯ, ತಿದ್ದು’ ಅಂದೆ. ಯಾಕೆ ಅತ್ತೆ ಅಂದ್ಲು, ದೊಡ್ಡಮ್ಮನ ಟ್ರಂಕಿನ ಕಥೆ ಪೂರ್ತಿ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, ‘ಆ ದೊಡ್ಡಜ್ಜಿ ಹೆಸರೂ ಹಾಳೇಲಿ ಸೇರಿಸ್ಲಾ? ಹನ್ನೊಂದನೇರು ಅಂತ’ ಅಂದ್ಲು. ಸೇರಿಸು, ಇಷ್ಟದ ಲೇಖಕಿ ಅನ್ನೋ ಕಡೆ ತ್ರಿವೇಣಿ ಅಂತ ಬರಿ ಅಂದೆ.

ಇನ್ನೂ ಆರು ‘ಇಲ್ಲ’ ಉಳಿದಾವೆ. ಯಾರ್‍ಯಾರದು ಅಂತ ನಿಮಗೂ ಗೊತ್ತು ನನಗೂ ಗೊತ್ತು. ಬಾನುವಾರ ಗುಬ್ಬೀಲಿ ಅತ್ತಿಗೆ ಮನೇಲಿ ಇನ್ನೊಂದು ಮಂಕರಿ ಕಾಯಿ ಬರುತ್ತೆ, ಅವಳೂ ಹಾಳೆ ತರ್ತಾಳೆ. ಸೀರೆ ಕವರಲ್ಲಿ ಸುತ್ತಿರೋದನ್ನ ಅವತ್ತು ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ಬನ್ನಿ. ಅತ್ತಿಗೆ, ನೀವೂ ಬೀರುವಿನ ಹಿಂದಿನ ಸಾಲು ಮುಂದಕ್ಕೆ ತಂದಿಟ್ಟಿರಿ.